ಹುಳ ಬಾರದ ದೀಪ

ಕೈಕೆಲಸದಲ್ಲಿ ನಾನು ಶುದ್ಧ ದಡ್ಡಿ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ನಾನು ಒಪ್ಪುವ ಎಷ್ಟೋ ಮೊದಲೇ ಮನೆಮಂದಿಯೆಲ್ಲ ಒಪ್ಪಿಯಾಗಿದೆ. ಶಾಲೆಯಲ್ಲಿದ್ದಾಗ ನಾನು ಹೆಣೆದ ಕಾಲುಚೀಲವನ್ನು ಟೀಚರು ಟೋಪಿ ಎಂದು ತಿಳಿದು ಅಂಕ ಕೊಟ್ಟಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಅಂಥವಳು ಈ ಮಳೆಗಾಲದಲ್ಲಿ ಕೈಯಾರೆ ಒಂದು ದೀಪ ಮಾಡಿದೆ ಎಂದರೆ ಅದಕ್ಕೆ ಕಾರಣ ನಮ್ಮತ್ತೆ.

ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. ಮಲಗುವ ಮೊದಲು ಮನೆಯ ದೀಪಗಳನ್ನೆಲ್ಲ ತಾವೇ ಆರಿಸಿಕೊಂಡು ಬರುತ್ತಾರೆ. "ದೀಪಕ್ಕ ಹುಳಾ ಬರತಾವ, ಹುಳಾ ತಿನ್ನಾಕ ಹಲ್ಲಿ ಬರತೈತಿ. ಪಾಪ ಯಾರಿಗೆ? ಬಟನ್ ಒತ್ತಿದವ್ರಿಗೆ!" ಟಾರ್ಚು ಕೊಟ್ಟರೆ ಅದನ್ನು ದಿಂಬಿನ ಕೆಳಗೆ ಜೋಪಾನವಾಗಿಟ್ಟು ಕತ್ತಲಲ್ಲೇ ಬಚ್ಚಲಿಗೆ ಹೋಗುತ್ತಾರೆ. ಹಾಗೆ ಹೋದವರು ಒಮ್ಮೆ ಹೊಸ್ತಿಲು ಎಡವಿ ಬಿದ್ದೇಬಿಟ್ಟರು. ನೆಹರು ನಗರದ ಡಾಕ್ಟರು ಎಕ್ಸ್‌ರೇ ನೋಡಿ, "ಈ ಸಲ ಎಲುಬು ಉಳದೈತ್ರಿ. ಇನ್ನೊಮ್ಮೆ ಬಿದ್ರ ಹಾಸಿಗಿ ಹಿಡೀತಾರ ನೋಡ್ರಿ" ಎಂದರು. ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ಬಚ್ಚಲ ಕಡೆ ಒಂದು ತಂಬಿಗೆ ಸದ್ದಾದರೂ ಎದೆ ಧಸಕ್ಕೆನ್ನುತ್ತಿತ್ತು. ಯಜಮಾನರನ್ನು ಕೇಳಿದರೆ, "ಅವ್ವಗ ಹೇಳೂದು ನನ್ನ ಕೈಲೆ ಆಗೂದಿಲ್ಲ. ನೀನ ಏನರೆ ಮಾಡು" ಎಂದು ಮಗ್ಗಲು ಬದಲಿಸಿದರು.

ಏನೋ ಒಂದು ಮಾಡಿದೆ. ಉಪ್ಪಿನಕಾಯಿಯ ಗಾಜಿನ ಶೀಶೆ ತೊಳೆದು, ಮೈಗೆ ಒಡೆದ ಬಳೆಚೂರು ಅಂಟಿಸಿ, ಒಳಗೆ ಬ್ಯಾಟರಿಯ ಎಲ್‌ಇಡಿ ಮಾಲೆ ಇಳಿಬಿಟ್ಟೆ. ಅಂಟು ಬಳೆಚೂರಿಗಿಂತ ನನ್ನ ಬೆರಳನ್ನೇ ಹೆಚ್ಚು ಹಚ್ಚಿಕೊಂಡಿತು. ಆದರೂ ಅತ್ತೆ ಮಲಗಿದ ಮೇಲೆ ಬಚ್ಚಲ ಮುಂದಿನ ಗೂಡಿನಲ್ಲಿ ಬಿಳಿ ಬೆಳಕು ಝಗ್ಗೆಂದಾಗ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೆಳಗ್ಗೆ ನೋಡಿದರೆ ಗೂಡಿನ ತುಂಬ ಹುಳಗಳ ರೆಕ್ಕೆ. ಅತ್ತೆ ಮುಖ ಊದಿಸಿಕೊಂಡು ಕುಳಿತಿದ್ದರು. "ನಿನ್ನ ದೀಪದ ಮುಂದ ಹಲ್ಲಿ ಲಗ್ನದ ಊಟಾ ಉಂಡೈತಿ. ಮೊದಲ ಅದನ್ನ ತಗಿ!"

ನಾನು ದಿನಾ ಬೆಳಗಾವಿಯಿಂದ ಖಾನಾಪುರದ ಕಚೇರಿಗೆ ರೈಲಿನಲ್ಲಿ ಹೋಗಿಬರುವವಳು. ಅಲ್ಲಿ ನನ್ನ ಪಕ್ಕ ಕೂಡುವ ಪಾಟೀಲರು ಹೊಲಮನೆ ಇರುವವರು. ಅವರ ಮುಂದೆ ಗೋಳು ತೋಡಿಕೊಂಡೆ. "ಬಿಳಿ ಬೆಳಕ ಅಂದ್ರ ಹುಳಕ್ಕ ಜೀವ ನೋಡ್ರಿ. ಹಳದಿ ಬೆಳಕಿಗೆ ಅಷ್ಟ ಬರಂಗಿಲ್ಲ. ಕಂದು ಗಾಜಿನ್ಯಾಗ ಹಳದಿ ಮಾಲಿ ಹಾಕ್ರಿ" ಎಂದರು. ಸಂಜೆ ಅಲ್ಲಿಯದೇ ಗುಜರಿ ಅಂಗಡಿಗೆ ಹೋದೆ. ಅಂಗಡಿಯವನು ಮೂಲೆಯ ಚೀಲ ತೋರಿಸಿದ. "ಕಂದು ಅಂದ್ರ ಬರೇ ಬಿಯರಿಂದ ಅದಾವ್ರಿ ಬಾಯಾರ. ಖಾಲೀದು ಯಾಕ್ರಿ? ತುಂಬಿದ್ದ ಬಾಜೂ ಅಂಗಡ್ಯಾಗ ಸಿಗತೈತಿ." ಬದುಕಿನಲ್ಲಿ ಗಡ್ಡೆ-ಗೆಣಸನ್ನೂ ಮುಟ್ಟದ ನಾನು ಬಿಯರ್ ಬಾಟಲಿಯನ್ನು ಊಟದ ಡಬ್ಬಿಯ ಚೀಲಕ್ಕೆ ತುರುಕಿದೆ. ಅದರ ವಾಸನೆ ಹೋಗಿರಲಿಲ್ಲ. ಮನೆಗೆ ಮರಳುವ ರೈಲಿಗೆ ದೇಸೂರಿನಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಹೆಂಗಸು ಮೂಗೆಳೆದು ನನ್ನನ್ನು ನೋಡಿ, ಮೆಲ್ಲಗೆ ಒಂದು ಗೇಣು ಸರಿದಳು. ನಾನು ಕಿಟಕಿಯ ಹೊರಗಿನ ಗದ್ದೆಗಳನ್ನು ಅಷ್ಟು ಶ್ರದ್ಧೆಯಿಂದ ಎಂದೂ ನೋಡಿರಲಿಲ್ಲ.

ಮನೆಯಲ್ಲಿ ಸೀಗೆಪುಡಿ, ನಿಂಬೆಹಣ್ಣು ಹಾಕಿ ಮೂರು ನೀರಿನಲ್ಲಿ ತೊಳೆದೆ. ಚೀಟಿ ಕಿತ್ತೆ. ಗಾಜಿನಲ್ಲೇ ಉಬ್ಬಿಬಂದಿದ್ದ ಅಕ್ಷರಗಳು ಮಾತ್ರ ಹೋಗಲಿಲ್ಲ. ಆ ಬದಿಯನ್ನು ಗೋಡೆಗೆ ತಿರುಗಿಸಿಟ್ಟೆ. ಕೊರಳಿಗೆ ಸೆಣಬಿನ ದಾರ ಸುತ್ತಿ, ಹಳದಿ ಮಾಲೆ ಇಳಿಬಿಟ್ಟು, "ಔಷಧದ ಬಾಟ್ಲಿರಿ ಅತ್ತಿ" ಎಂದೆ. ಜೇನುಬಣ್ಣದ ಮಂದ ಬೆಳಕು ಹೊಸ್ತಿಲ ತನಕ ಚೆಲ್ಲಿತು. ಹುಳ ಬರಲಿಲ್ಲ. ಒಂದೆರಡು ದಿನ ಕಾದ ಹಲ್ಲಿ ಬೇಸತ್ತು ಬೇರೆ ಕಡೆ ಸಂಸಾರ ಹೂಡಿತು. ಅತ್ತೆ ಆ ಬೆಳಕಿನಲ್ಲಿ ಹೊಸ್ತಿಲನ್ನು ನೋಡಿ ದಾಟತೊಡಗಿದರು. ನನಗೆ ನಿದ್ದೆ ಬರಬೇಕಿತ್ತು, ಬರಲಿಲ್ಲ. ಅತ್ತೆಗೆ ನಿಜ ತಿಳಿದರೆ ಬಾಟಲಿ ಅಂಗಳಕ್ಕೆ, ಅತ್ತೆ ಮತ್ತೆ ಕತ್ತಲಿಗೆ, ಎನ್ನುವ ಹೆದರಿಕೆ.

ನಿನ್ನೆ ಗೂಡು ಒರೆಸುತ್ತಿದ್ದಾಗ ಅತ್ತೆ ಹಿಂದೆಯೇ ಬಂದು ನಿಂತರು. "ಆ ಅಕ್ಷರಾ ಗ್ವಾಡಿಗೆ ತಿರುವಿ ಇಡತೀ ಯಾಕ? ನಾ ಓದಿ ಎಂಟ ದಿನಾ ಆತು."

ಒರೆಸುವ ಬಟ್ಟೆಯನ್ನು ಗೂಡಿನಲ್ಲೇ ಬಿಟ್ಟು ತಿರುಗಿದೆ. "ಅತ್ತಿ, ತಪ್ಪಾತ್ರಿ..."

"ಇದನ್ನ ಕುಡದಾವ ಎಲ್ಲಿ ಬಿದ್ದಾನೋ ಏನೋ. ನಾ ಅಂತೂ ಬಿದ್ದಿಲ್ಲ. ಇರಲಿ ಬಿಡು ದೀಪಾ. ಆದ್ರ ನೀ ಸುಳ್ಳ ಹೇಳಿದ್ದಕ್ಕ ನಾಳೆ ಏಕಾಶನಾ ಮಾಡು."

ಏಕಾಶನವೆಂದರೆ ದಿನಕ್ಕೆ ಒಂದೇ ಊಟ. ನಾನು ಸಂತೋಷದಿಂದ ತಲೆಯಾಡಿಸಿದೆ. ರಾತ್ರಿ ಮಲಗಿದ್ದೊಂದೇ ಗೊತ್ತು. ಎಷ್ಟೋ ದಿನಗಳ ನಿದ್ದೆಯನ್ನು ಒಟ್ಟಿಗೇ ಮಾಡಿದೆ. ಈಗ ಖಾನಾಪುರ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆ ಚುರುಗುಟ್ಟುತ್ತಿದೆ, ಹೊರಗೆಲ್ಲೋ ಮಿರ್ಚಿ ಭಜಿ ಕರಿಯುತ್ತಿದ್ದಾರೆ, ಆದರೂ ಮನಸ್ಸು ಹಗುರ. ಒಂದೇ ಒಂದು ಚಿಂತೆ. ಬೆಳಗ್ಗೆ ಹೊರಡುವಾಗ ಅತ್ತೆ ಬಾಗಿಲ ತನಕ ಬಂದು, ಬಸದಿಯ ಗೆಳತಿಯರಿಗೂ ಇಂಥವೇ ನಾಲ್ಕು ದೀಪ ಬೇಕೆಂದರು. ಆಮೇಲೆ ದನಿ ತಗ್ಗಿಸಿ, "ಅವ್ರ ಕೇಳಿದ್ರ ಔಷಧದ ಬಾಟ್ಲಿ ಅಂತನ ಹೇಳು" ಎಂದರು. ಆ ನಾಲ್ಕು ಏಕಾಶನ ಯಾರು ಮಾಡಬೇಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.