ಗಂಟೆಗೆ ನಾನೂರೈವತ್ತು, ಡೀಸೆಲ್ ಬೇರೆ!

ಇನ್ನು ಮುಂದೆ ಯಾರ ಕೈಕೆಳಗೂ ದುಡಿಯುವುದಿಲ್ಲ, ನನ್ನ ಸಮಯಕ್ಕೆ ನಾನೇ ಒಡತಿ! ಹೀಗೆಂದು ಘೋಷಿಸಿ ಮಂಡ್ಯದ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದ ದಿನ, ಕನ್ನಡಿಯಲ್ಲಿ ನನಗೆ ನಾನೇ ಮಹಾರಾಣಿಯಂತೆ ಕಂಡಿದ್ದೆ. ಖಾಸಗಿ ಕಂಪನಿಯೊಂದರ ಆಫೀಸನ್ನು ವರ್ಷಗಟ್ಟಲೆ ಒಬ್ಬಳೇ ಹೊತ್ತವಳು ನಾನು. ಪತ್ರ, ಬಿಲ್ಲು, ಫೋನು, ಫೈಲು ಎಲ್ಲವೂ ಬೆರಳ ತುದಿಯಲ್ಲಿ. ಇಂಥ ವನಜಾ ಮಳವಳ್ಳಿಯ ಮನೆಯಿಂದಲೇ, ಬೇಕೆಂದವರಿಗೆ ಗಂಟೆ ಲೆಕ್ಕದಲ್ಲಿ ಆಫೀಸು ಕೆಲಸ ಮಾಡಿಕೊಟ್ಟರೆ ಗಂಟೆಗಂಟೆಗೂ ಗಂಟು!

ದರ ನಿಗದಿಗೆ ಶಾಸ್ತ್ರೋಕ್ತವಾಗಿ ಕೂತೆ. ಕರೆಂಟು, ಇಂಟರ್ನೆಟ್ಟು, ಕಂಪ್ಯೂಟರಿನ ಸವೆತ, ನನ್ನ ಬೆನ್ನಿನ ಸವೆತ, ಹಬ್ಬದ ರಜೆ, ಜ್ವರದ ರಜೆ, ಗಂಡನ ಜೊತೆ ಜಗಳವಾದ ದಿನದ ರಜೆ, ಎಲ್ಲ ಕೂಡಿಸಿ ಭಾಗಿಸಿದಾಗ ಗಂಟೆಗೆ ನಾನೂರೈವತ್ತು ರೂಪಾಯಿ ಬಂತು.

ಯಜಮಾನರು ಪುಟ್ಟರಾಜು, ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ. ಊರಿಗೆಲ್ಲ ಕರೆಂಟು ಕೊಟ್ಟು, ಮನೆಗೆ ಬಂದು ನನಗೆ ಶಾಕು ಕೊಡುತ್ತಾರೆ.

"ನಾನೂರೈವತ್ತಾ? ಅಷ್ಟು ಯಾರ್ ಕೊಟ್ಟಾರು? ಇನ್ನೂರು ಅನ್ನು, ಜನ ಬತ್ತಾರೆ."

"ಇನ್ನೂರಕ್ಕೆ ಬರೋರು ಬರೋದೇ ಬೇಡ. ನನ್ನ ಬೆಲೆ ನಾನೇ ಇಳಿಸ್ಕೊಳ್ಳಲ್ಲ!"

"ಆಯ್ತು ಬುಡು. ಆದ್ರೆ ಮಗಳ ಕಾಲೇಜ್ ಫೀಸು ನಿನ್ ಬೆಲೆ ಏರೋಗಂಟ ಕಾಯಕ್ಕಿಲ್ಲ ಕಣೆ."

ಆ ಮಾತು ಮಾತ್ರ ಒಳಗೆಲ್ಲೋ ಚುಚ್ಚಿತು. ಸಂಬಳ ಬಿಟ್ಟು ಬಂದವಳು ನಾನೇ ತಾನೆ! ಗೆದ್ದೇ ತೋರಿಸಬೇಕು.

ಮೊದಲ ಗಿರಾಕಿ ಮದ್ದೂರಿನ ಮಹದೇವು, ದೊಡ್ಡದೊಂದು ಮದುವೆ ಛತ್ರದ ಮಾಲೀಕರು. ಬುಕಿಂಗನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ಒಂದೇ ಮುಹೂರ್ತವನ್ನು ಎರಡು ಮನೆಯವರಿಗೆ ದಾನ ಮಾಡಿದ್ದ ಪುಣ್ಯಾತ್ಮ. ಇನ್ನು ಮೇಲೆ ಎಲ್ಲ ಕಂಪ್ಯೂಟರಿಗೆ ಹಾಕಿಸುವುದೆಂದು ಬುದ್ಧಿ ಬಂದಿತ್ತು. ನನ್ನ ದರ ಕೇಳಿ ಬೆಚ್ಚಿದರು.

"ಗಂಟೆ ಲೆಕ್ಕವಾ? ನೀನೇನ್ ಟ್ರ್ಯಾಕ್ಟ್ರಾ?"

"ಕೆಲಸಕ್ಕೆ ತಕ್ಕ ದರ, ಮಹದೇವಣ್ಣ."

"ಟ್ರ್ಯಾಕ್ಟ್ರು ಎಷ್ಟು ಗದ್ದೆ ಉತ್ತದೆ ಅಂತ ಕಣ್ಗೆ ಕಾಣ್ತದೆ. ನೀನು ಉತ್ತಿದ್ದು ಎಲ್ ಕಾಣ್ತದಮ್ಮ? ಓಗ್ಲಿ, ಡೀಸೆಲ್ಲು ನಂದೋ ನಿಂದೋ?"

ಡೀಸೆಲ್ಲು ಅಂದರೆ ಕಾಫಿ ತಿಂಡಿ! "ನಿಮ್ಮದೇ" ಎಂದೆ, ಗತ್ತಿನಿಂದ.

ಕೆಲಸ ತಮ್ಮ ಕಣ್ಣೆದುರೇ ಆಗಬೇಕೆಂದು ಛತ್ರಕ್ಕೇ ಕರೆಸಿಕೊಂಡು, ಮೊದಲ ದಿನ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರು. ನೀರು ಕುಡಿದರೆ ವಾಚು ನಿಲ್ಲುತ್ತಿತ್ತು. ಸೀನಿದರೆ ನಿಲ್ಲುತ್ತಿತ್ತು. ಒಮ್ಮೆ ಸುಮ್ಮನೆ ಪರದೆ ನೋಡುತ್ತಾ ಕೂತೆ, ಆಗಲೂ ನಿಂತಿತು!

"ಯಾಕಣ್ಣ ನಿಲ್ಲಿಸಿದ್ರಿ? ಯೋಚನೆ ಮಾಡ್ತಿದ್ದೀನಿ."

"ಯೋಚ್ನೆಗೂ ದುಡ್ಡಾ? ಅದ ಮನೇಲೇ ಮಾಡ್ಕಂಡ್ ಬರ್ಬೇಕು ಕಣಮ್ಮ!"

ಹಟಕ್ಕೆ ಬಿದ್ದು ಬೆರಳು ಕುಣಿಸಿದೆ. ಮೂರು ದಿನದ ಕೆಲಸ ಎಂದುಕೊಂಡಿದ್ದು ಒಂದು ಗಂಟೆಯೊಳಗೇ ಮುಗಿಯಿತು. ಕೈಗೆ ಬಂದಿದ್ದು ನಾನೂರಕ್ಕೂ ಕಮ್ಮಿ. ಜೊತೆಗೆ ಒಂದು ಪ್ರಶಸ್ತಿ: "ಇಷ್ಟ್ ಬೇಗ ಆಯ್ತಾ? ಹಂಗಾರೆ ಸುಲಭದ್ ಕೆಲ್ಸವೇ ಬುಡು!"

ಮನೆಯಲ್ಲಿ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಾ ಕಣೆ, ನೀನು ಜಾಣೆ ಆದಷ್ಟೂ ಸಂಪಾದ್ನೆ ಕಮ್ಮಿ ಆಯ್ತದಲ್ಲ!"

ಅಷ್ಟೇ! ಮರುದಿನ ದಡ್ಡಿಯಾಗಿಬಿಡುವುದೆಂದು ತೀರ್ಮಾನಿಸಿದೆ.

ಅಂದಿನ ಕೆಲಸ, ಮದುವೆ ಗೊತ್ತಾದ ಮನೆಗಳಿಗೆಲ್ಲ 'ನಿಮ್ಮ ದಿನಾಂಕ ಖಾತ್ರಿಯಾಗಿದೆ' ಎಂದು ಮೊಬೈಲಿಗೆ ಸಂದೇಶ ಕಳಿಸುವುದು. ಎರಡು ಮನೆಗೆ ಹಂಚಿಹೋಗಿದ್ದ ಮುಹೂರ್ತವಿತ್ತಲ್ಲ, ಅದರಲ್ಲಿ ಒಂದು ಮನೆಗೆ ಮಾತ್ರ 'ನಿಮ್ಮ ದಿನಾಂಕಕ್ಕೆ ಛತ್ರ ಸಿಗುವುದಿಲ್ಲ, ಬಂದು ಮಾತಾಡಿ' ಎಂದು ತಿಳಿಸುವುದು. ಒಂದೇ ಗುಂಡಿ ಒತ್ತಿದರೆ ಖಾತ್ರಿಯ ಸಂದೇಶ ಎಲ್ಲರಿಗೂ ಹೋಗುತ್ತಿತ್ತು. ನಾನು ಒತ್ತುತ್ತೇನೆಯೇ? ಒಬ್ಬೊಬ್ಬರ ನಂಬರನ್ನೂ ಹುಡುಕಿ, ಕನ್ನಡಕ ಒರೆಸಿ, ಒಂದೇ ಬೆರಳಲ್ಲಿ, ಎಡೆ ಬಡಿಸುವಷ್ಟು ಭಯಭಕ್ತಿಯಿಂದ ಕಳಿಸತೊಡಗಿದೆ. ಕಣ್ಣು ಮಾತ್ರ ಓಡುತ್ತಿದ್ದ ಸ್ಟಾಪ್‌ವಾಚಿನ ಮೇಲೆ! ಎರಡೂವರೆ ಗಂಟೆ ಎಳೆದೆ. ಮಹದೇವಣ್ಣನೇ ಕೂತಲ್ಲಿ ತೂಕಡಿಸಿದರು.

ಎಚ್ಚರವಾಗಿದ್ದು ಗೇಟಿನಲ್ಲಿ ಟೆಂಪೋ ನಿಂತ ಸದ್ದಿಗೆ. ಛತ್ರ ಗೊತ್ತುಮಾಡಿದ್ದ ಮನೆಯೊಂದರ ಹೆಣ್ಣಿನ ತಂದೆ ಸಿದ್ದರಾಮು ಮನೆಮಂದಿಯನ್ನೆಲ್ಲ ತುಂಬಿಕೊಂಡು ಬಂದಿದ್ದರು.

"ಲೇ ಮಹದೇವು! ಛತ್ರ ಇಲ್ಲ ಅಂತೀಯೇನ್ಲಾ? ಪತ್ರಿಕೆ ಅಂಚಿ ಆಗ್ಯದೆ ಕಣ್ಲಾ! ಬೀಗರಿಗೆ ಏನ್ ಮಕ ತೋರ್ಸ್ಲಿ?"

ಹಿಂದೆಯೇ ಎರಡು ಕಾರು, ನಾಲ್ಕೈದು ಬೈಕು. ಕಳಿಸಿದ್ದನ್ನು ತೆಗೆದು ನೋಡಿದೆ. ಒಂದು ಮನೆಗೆ ಹೋಗಬೇಕಿದ್ದ 'ಛತ್ರ ಸಿಗುವುದಿಲ್ಲ' ಎಲ್ಲ ಮನೆಗೂ ಹೋಗಿತ್ತು! ಒಂದೊಂದಾಗಿ, ನಿಧಾನವಾಗಿ, ಶ್ರದ್ಧೆಯಿಂದ, ಮದ್ದೂರು ಸೀಮೆಯ ಅಷ್ಟೂ ಮದುವೆಗಳನ್ನು ನಾನು ಕೆಡಿಸಿದ್ದೆ!

ಸಿದ್ದರಾಮು ಅವರ ಮಗಳು ಟೆಂಪೋದಿಂದ ಇಳಿಯದೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅದನ್ನು ನೋಡಿ ನನ್ನ ಜಾಣತನವೆಲ್ಲ ನೀರಾಯಿತು. ಓಡಿಹೋಗಿ ಕೈ ಹಿಡಿದೆ. "ತಪ್ಪು ನಂದು ಕಣಮ್ಮ. ನಿನ್ನ ಮದುವೆ ಇಲ್ಲೇ, ಅದೇ ದಿನ!"

ಆಮೇಲೆ ಗಡಿಯಾರ ನೋಡಿದವರಾರು? ಮನೆಮನೆಗೂ ಫೋನು ಮಾಡಿದೆ, ಬೈಸಿಕೊಂಡೆ, ಕ್ಷಮೆ ಕೇಳಿದೆ, ಗಂಟಲು ಹರಿದುಕೊಂಡೆ. ನಿಜಕ್ಕೂ ದಿನ ಸಿಗದಿದ್ದ ಮನೆಯವರನ್ನೂ ಕಾಡಿಬೇಡಿ ಮುಂದಿನ ಮುಹೂರ್ತಕ್ಕೆ ಒಪ್ಪಿಸಿದೆ. ಅತ್ತ ಗೇಟಿನಲ್ಲಿ, ಬಂದವರೆಲ್ಲರ ಬೈಗುಳಕ್ಕೆ ಮಹದೇವಣ್ಣ ಕಂಬದಂತೆ ನಿಂತು ತಲೆಯೊಡ್ಡಿದ್ದರು.

ಹೊತ್ತು ಇಳಿಯುವಾಗ ಅಂಗಳ ಖಾಲಿಯಾಯಿತು. ನಾನು ಬ್ಯಾಗು ಹೆಗಲಿಗೇರಿಸಿ ತಲೆ ತಗ್ಗಿಸಿದೆ. "ಇವತ್ತಿನದಕ್ಕೆ ದುಡ್ಡು ಬೇಡ, ಮಹದೇವಣ್ಣ."

"ಅದೆಂಗಾಯ್ತದೆ? ಮಾತು ಅಂದ್ರೆ ಮಾತು. ಬೆಳಗ್ಗಿಂದ ದುಡ್ದಿದ್ದೀಯ, ತಕ್ಕೊ." ಗಂಟೆಗೆ ನಾನೂರೈವತ್ತರಂತೆ ಚಾಚೂ ತಪ್ಪದೆ ಎಣಿಸಿ ಕೈಗಿಟ್ಟರು. ಕಣ್ಣು ತುಂಬಿಬಂತು. ಇಂಥ ದೊಡ್ಡ ಮನುಷ್ಯರೂ ಇದ್ದಾರಲ್ಲ!

"ಈಗ ನಂದು ಕೊಡು" ಎಂದರು.

"ನಿಮ್ಮದಾ? ಏನು?"

"ನಿನ್ ತಪ್ಪಿಗೆ ಬೈಸ್ಕಂಡೋನು ನಾನಲ್ವಾ? ಬೈಸ್ಕಳದೂ ಒಂದು ಕೆಲ್ಸವೇ ಕಣಮ್ಮ. ಗಂಟೆಗೆ ಐನೂರು, ಬೈದ ಒಂದೊಂದ್ ಮನೆಯೋರ್ದೂ ಬೇರೆ ಲೆಕ್ಕ."

"ನನಗಿಂತ ಐವತ್ತು ಜಾಸ್ತಿನಾ!"

"ನಿಂಗೆ ಎರಡ್ ದಿನದ್ ಸರ್ವೀಸು. ನಾನು ಛತ್ರ ಕಟ್ದಾಗ್ಲಿಂದ ಬೈಸ್ಕತಾ ಇವ್ನಿ!"

ಅವರು ಕೊಟ್ಟಿದ್ದನ್ನೆಲ್ಲ ಅವರಿಗೇ ಕೊಟ್ಟು, ಸಾಲದ್ದಕ್ಕೆ ಪರ್ಸನ್ನು ತಲೆಕೆಳಗು ಮಾಡಿ ಒದರಿ, ಬಸ್ ಸ್ಟ್ಯಾಂಡಿಗೆ ಬಂದೆ. ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಗಿರುವುದು ನನ್ನ ಪುಣ್ಯ. ಇಲ್ಲದಿದ್ದರೆ ಗಂಟೆಗೆ ನಾನೂರೈವತ್ತರ ಈ ಮಹಾರಾಣಿ ಮದ್ದೂರಿನಿಂದ ಮಳವಳ್ಳಿಗೆ ನಡೆದೇ ಬರಬೇಕಿತ್ತು!