ಮೂಲೆಯಿಲ್ಲದ ಗುಡಿ

ಮೊಮ್ಮಕ್ಕಳೇ, ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಗುಡಿಗೆ ಹೋದರೆ ನಾನು ಮೊದಲು ಹುಡುಕುವುದು ದೇವರನ್ನಲ್ಲ, ಕಂಬವನ್ನು. ಆನಗೋಡಿನ ಶಾಲೆಯಲ್ಲೂ ಮೇಷ್ಟ್ರ ಕಣ್ಣಿಗೆ ಬೀಳದಂತೆ ಎತ್ತರದ ಹುಡುಗಿಯೊಬ್ಬಳ ಬೆನ್ನ ಹಿಂದೆ ಕೂತು ಓದಿದವಳು ನಾನು. ಆ ಹುಡುಗಿ ಬಾರದ ದಿನ ನನಗೂ ಜ್ವರ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ಕಂಬ ಬೇಕೇ ಬೇಕಾಯಿತು. ಪೂಜಾರಿ ಕುಂಕುಮದ ತಟ್ಟೆ ಹಿಡಿದು ಹೆಂಗಸರ ಸಾಲಿಗೆ ಬರುತ್ತಾನೆ, ನನ್ನ ಬರಿ ಹಣೆ ನೋಡುತ್ತಾನೆ, ತಟ್ಟೆ ನನ್ನನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಕಂಬದ ಹಿಂದೆ ನಿಂತರೆ ಅವನಿಗೂ ಮುಜುಗರವಿಲ್ಲ, ನನಗೂ ಇಲ್ಲ. ಹರಿಹರದ ಹಳೆಯ ಗುಡಿಯಲ್ಲಿ ಕಂಬಗಳಿಗೇನು ಬರ!

ಹೋದ ಭಾನುವಾರ ನಿಮ್ಮಮ್ಮ ಪಿ.ಜೆ. ಬಡಾವಣೆಯ ಮನೆಯಿಂದ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹರಿಹರದ ಹಾದಿಯ ಹೊಸ ಬುದ್ಧನ ಗುಡಿಗೆ ಕರೆದೊಯ್ದಳು. ಒಳಗೆ ಕಾಲಿಟ್ಟವಳು ಬಾಯಿ ತೆರೆದು ನಿಂತೆ. ಬೋರಲು ಹಾಕಿದ ಬಿಳಿ ಬಟ್ಟಲಿನಂಥ ಗುಮ್ಮಟ. ಅಷ್ಟು ದೊಡ್ಡ ಸೂರಿಗೆ ಒಂದೇ ಒಂದು ಕಂಬವಿಲ್ಲ! ನೆತ್ತಿಯ ಗಾಜಿನಿಂದ ಬಿಸಿಲು ಹಾಲಿನ ಹಾಗೆ ಇಳಿದು ಕಲ್ಲಿನ ಬುದ್ಧನ ಭುಜದ ಮೇಲೆ ನಿಂತಿತ್ತು. ಗೋಡೆಯ ಇಟ್ಟಿಗೆಗಳ ನಡುವೆ ಸಂದು ಬಿಟ್ಟಿದ್ದರು. ಹೊರಗಿನ ಕೊಳದ ತಂಪು ಅಲ್ಲಿಂದ ಬಂದು ಕಾಲು ಸವರುತ್ತಿತ್ತು. ಕಟ್ಟಿದವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಹೊಳೆಯಿತು: ಅವಿತುಕೊಳ್ಳುವುದೆಲ್ಲಿ?

ಕಂಬ ಹೋಗಲಿ, ಮೂಲೆಯಾದರೂ ಇದ್ದೀತೆಂದು ಗೋಡೆ ಹಿಡಿದು ನಡೆದೆ. ನಡೆದಷ್ಟೂ ಗೋಡೆ ಬಾಗುತ್ತಲೇ ಹೋಯಿತು. ಎರಡು ಸುತ್ತು ಮುಗಿಸಿ ತಿರುಗಿ ನೋಡಿದರೆ ಆರೇಳು ಹೆಂಗಸರು ಕೈಮುಗಿದುಕೊಂಡು ನನ್ನ ಹಿಂದೆ! ನನ್ನದು ಪ್ರದಕ್ಷಿಣೆ ಎಂದುಕೊಂಡಿದ್ದರು.

"ಎಷ್ಟು ಸುತ್ತು ಹಾಕ್ಬೇಕ್ರಿ ಅಜ್ಜಿ?" ಎಂದಳು ಮುಂದಿದ್ದವಳು.

"ಮೂಲೆ ಸಿಗೋತನಕ ನೋಡವ್ವ," ಎಂದೆ. ನಿಜವೇ ಬಾಯಿಗೆ ಬಂದಿತ್ತು.

"ದುಂಡನೆ ಗುಡ್ಯಾಗ ಮೂಲೆ ಎಲ್ಲೈತೆ ಅಜ್ಜಿ? ಕಾಲು ನೋಯ್ತಾವು, ಬರ್ರಿ, ಇಲ್ಲೇ ಕೂಡ್ರಿ," ಎಂದು ನಗುತ್ತಾ ರಟ್ಟೆ ಹಿಡಿದು, ನಟ್ಟನಡುವೆ, ಬೆಳಕಿನಲ್ಲೇ ಕೂರಿಸಿದಳು.

"ಅವ್ವ, ನಿನ್ನ ಮೆರವಣಿಗೆ ಮುಗೀತಾ?" ಎಂದು ನಿಮ್ಮಮ್ಮ ಪಕ್ಕಕ್ಕೆ ಬಂದಳು.

ಕಣ್ಣು ಮುಚ್ಚಿ, ತಟ್ಟೆ ಬಂದು ದಾಟಿಹೋಗುವುದನ್ನೇ ಕಾದೆ. ಬರಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟೆ. ಪೂಜಾರಿಯೂ ಇಲ್ಲ, ತಟ್ಟೆಯೂ ಇಲ್ಲ. ಯಾರಿಗೂ ಏನೂ ಕೊಡದ ಜಾಗದಲ್ಲಿ ನನ್ನನ್ನು ದಾಟುವವರು ಯಾರು? ಕುಂಕುಮ ಇಟ್ಟವರೂ ಇಡದವಳೂ ಒಂದೇ ಬೆಳಕಿನಲ್ಲಿ ಕೂತಿದ್ದೆವು. ಎಲ್ಲರ ಕಣ್ಣೂ ಮುಚ್ಚಿತ್ತು, ಬುದ್ಧನದೂ ಅರೆಮುಚ್ಚಿತ್ತು. ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು ಕೂತೆ.

ಸುಳ್ಳೇಕೆ, ಸ್ವಲ್ಪ ಹೊತ್ತಿನ ಮೇಲೆ ಸಣ್ಣದೊಂದು ಬೇಸರವೂ ಆಯಿತು. ಇಷ್ಟು ವರ್ಷಗಳಾದ ಮೇಲೆ ಗುಡಿಯ ನಟ್ಟನಡುವೆ ಕೂತಿದ್ದೇನೆ, ಒಬ್ಬರಾದರೂ ಕಣ್ಣು ಬಿಟ್ಟು ನನ್ನನ್ನು ನೋಡಬಾರದೆ?