ಖಾಲಿ ಕೊಪ್ಪರಿಗೆ ಮತ್ತು ಧನ್ಯಾಳ ವೆಬ್‌ಸೈಟ್

ಮೊಮ್ಮಕ್ಕಳು ಏನು ಮಾಡಿದರೂ ಚೆಂದ ಕಾಣುವುದು ಒಂದು ಕಾಯಿಲೆ. ನನಗದು ಧನ್ಯಾ ಹುಟ್ಟಿದ ದಿನದಿಂದ ಉಂಟು. ಮದ್ದು ಮಾಡಿಸುವ ಯೋಚನೆಯೂ ಇಲ್ಲ. ಮೂಡಬಿದಿರೆಯಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಅವಳು ರಜೆಯಲ್ಲಿ ಬಂದು, "ಅಜ್ಜಿ, ನಮ್ಮ ಅಂಗಡಿಗೊಂದು ವೆಬ್‌ಸೈಟ್ ಮಾಡುವ" ಎಂದಾಗ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನೆಂಬುದನ್ನೂ ಮರೆತು, "ಮಾಡುವ ಮಾರಾಯ್ತಿ, ದೊಡ್ಡದೇ ಮಾಡುವ" ಎಂದುಬಿಟ್ಟೆ.

ನಮ್ಮದು ಬೆಳ್ತಂಗಡಿಯಲ್ಲಿ ಸಮಾರಂಭಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಾನೂ ನಮ್ಮವರೂ ಸೇರಿ ಎರಡೇ ಕೊಪ್ಪರಿಗೆಯಿಂದ ಶುರು ಮಾಡಿದ್ದು. ಆಗೆಲ್ಲ ಕೊಪ್ಪರಿಗೆ ಜೀಪಿನ ತಲೆಯ ಮೇಲೆ ಕೂತು ನೆರಿಯದಂಥ ಗುಡ್ಡೆಯ ಊರುಗಳಿಗೆ ಹೋಗುತ್ತಿತ್ತು. ಜೀಪಿನೊಳಗೆ ಜಾಗ ಸಾಲದಿದ್ದರೆ ಕೊಪ್ಪರಿಗೆಯೊಳಗೆ ಒಬ್ಬ ನೆಂಟ! ಹಿಂದಿರುಗುವಾಗ ಮಾತ್ರ ಅದನ್ನು ಯಾರೂ ಖಾಲಿ ಕಳಿಸುತ್ತಿರಲಿಲ್ಲ. ಉಣಬಡಿಸಿದ ಪಾತ್ರೆ ಬರಿದಾಗಿ ಹೊಸಿಲು ದಾಟಬಾರದೆಂದು ತಳದಲ್ಲಿ ಒಂದು ಮುಷ್ಟಿ ಅಕ್ಕಿ, ಎರಡು ಸೌತೆಕಾಯಿ, ಏನೂ ಇಲ್ಲದವರು ನಾಲ್ಕು ವೀಳ್ಯದೆಲೆ. ನಮ್ಮವರು ಮೊದಲು ಅದರೊಳಗೆ ತಲೆ ಹಾಕಿ, "ಇವಳೇ, ಮದುವೆ ಚೆಂದ ಆಗಿದೆ ಅಂತ ಕಾಣ್ತದೆ" ಎನ್ನುತ್ತಿದ್ದರು. ನಾವು ಹೋಗಲಾಗದ ಎಷ್ಟೋ ಮದುವೆಗಳನ್ನು ಕಂಡದ್ದು ಹೀಗೆ, ಕೊಪ್ಪರಿಗೆಯ ತಳದಲ್ಲಿ. ಅವರು ಹೋಗಿ ಆರು ವರ್ಷವಾಯಿತು. ಈಗ ತಲೆ ಹಾಕುವವಳು ನಾನು. ಕುಳ್ಳಿಯಾದ್ದರಿಂದ ಸ್ಟೂಲ್ ಬೇಕು.

ಧನ್ಯಾ ಎರಡು ದಾರಿ ಹೇಳಿದಳು. ಒಂದು, ಅವಳೇ ಕೂತು ಬರೆಯುವುದು: ಸಾದಾ, ಎರಡೇ ಪುಟ, ನೆಟ್‌ವರ್ಕ್ ಕಡಿಮೆ ಇದ್ದಲ್ಲಿಯೂ ಬೇಗ ತೆರೆಯುತ್ತದೆ. ಇನ್ನೊಂದು, ಯಾವುದೋ ಕಂಪೆನಿಯ ರೆಡಿಮೇಡ್: ಚಿತ್ರಗಳು ಕುಣಿಯುತ್ತವೆ, ಬುಕ್ಕಿಂಗು, ನಿಯಮ ಎಲ್ಲ ಅದರಲ್ಲೇ ಉಂಟು, ಆದರೆ ನಮಗೆ ಬೇಕಾದ ಹಾಗೆ ಬದಲಿಸಲು ಬಿಡುವುದಿಲ್ಲ. "ನಮಗೆ ಸಾದಾ ಸಾಕಜ್ಜಿ" ಎಂದಳು. ನಾನು ಕೇಳಬೇಕಲ್ಲ! ನನ್ನ ಮೊಮ್ಮಗಳು ಮಾಡಿದ್ದು ಕುಣಿಯದಿದ್ದರೆ ಹೇಗೆ? ಕುಣಿಯುವುದೇ ಆಯಿತು. ಹಾಲಿನವರಿಗೆ, ಪೋಸ್ಟಿನವರಿಗೆ, ದಾರಿ ಕೇಳಲು ನಿಂತ ಧರ್ಮಸ್ಥಳದ ಯಾತ್ರಿಕರಿಗೆ, ಎಲ್ಲರಿಗೂ ತೋರಿಸಿದೆ.

ಮೊದಲ ಬುಕ್ಕಿಂಗ್ ನೆರಿಯದ ಕೇಶವನದು, ಮಗಳ ಮದುವೆಗೆ. ಅವನ ಮದುವೆಯ ಅನ್ನ ಬೆಂದದ್ದೂ ನಮ್ಮ ಕೊಪ್ಪರಿಗೆಯಲ್ಲೇ. ಮದುವೆ ಮುಗಿದು ಪಾತ್ರೆ ಹೇರಿಕೊಂಡು ಅವನ ಪಿಕಪ್ ಬಂತು. ಆಸೆಯಿಂದ ಸ್ಟೂಲ್ ಹತ್ತಿ ತಲೆ ಹಾಕಿದೆ. ಒಳಗೆ ನನ್ನದೇ ಮುಖ. ಅಷ್ಟು ಸ್ವಚ್ಛ, ಅಷ್ಟು ಖಾಲಿ.

"ಏನು ಕೇಶವ, ನನ್ನ ಮೇಲೆ ಬೇಜಾರುಂಟಾ?"

"ಅಯ್ಯೋ ಅಕ್ಕ, ಹೆಂಡತಿ ಸೌತೆಕಾಯಿ ಇಟ್ಟಿದ್ದಳು, ನಾನೇ ತೆಗೆದಿಟ್ಟೆ. ನಿಮ್ಮ ವೆಬ್‌ಸೈಟಿನಲ್ಲಿ ಉಂಟಲ್ಲ, ಪಾತ್ರೆ ಖಾಲಿ ಮಾಡಿಯೇ ಕೊಡಬೇಕು, ಇಲ್ಲದಿದ್ದರೆ ದಂಡ ಅಂತ. ಅದು ತೆರೆಯಲಿಕ್ಕೆ ಗುಡ್ಡೆ ಹತ್ತಿ ಅರ್ಧ ಗಂಟೆ ನಿಂತಿದ್ದೇನೆ ಮಾರಾಯ್ರೆ. ಓದದೆ ಬಿಡ್ತೇನಾ?"

ಸೌತೆಕಾಯಿಗೆ ದಂಡ! ನಮ್ಮವರ ಫೋಟೋದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಕಂಪೆನಿಯವರು ಹಾಕಿದ ಆ ಸಾಲು ಅಳಿಸಲು ಧನ್ಯಾ ಬಹಳ ಹೊತ್ತು ಒದ್ದಾಡಿದಳು, ಆಗಲಿಲ್ಲ. "ನಾನು ಮೊದಲೇ ಹೇಳಿದ್ದೆ" ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಮುಖ ಮಾತ್ರ ಹಾಗೆ ಮಾಡಿದಳು. ಕೊನೆಗೆ ಕುಣಿತವನ್ನೆಲ್ಲ ಕಿತ್ತುಹಾಕಿ ತನ್ನ ಸಾದಾ ಎರಡು ಪುಟ ಬರೆಯಲು ಕೂತಳು.

"ಅಜ್ಜಿ, ಪಾತ್ರೆ ವಾಪಸು ಕೊಡುವ ವಿಷಯಕ್ಕೆ ಏನು ಬರೆಯುವ? ಖಾಲಿ ಕೊಡಬೇಡಿ ಅಂತಲಾ?"

"ಛೆ, ಅದು ಬೇಡಿದ ಹಾಗಾಗ್ತದೆ. ಏನೂ ಬರೆಯಬೇಡ. ಕೇಳದೆ ಬಂದರೇ ಅದಕ್ಕೆ ಮರ್ಯಾದೆ."

ಇಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನಾನೇ ಬೆರಗಾದೆ.

ಎರಡು ದಿನ ಬಿಟ್ಟು ಕೇಶವನ ಹೆಂಡತಿ ಸುಮತಿ ಚೀಲ ಹೊತ್ತು ಬಸ್ಸಿಳಿದಳು. "ಗಂಡಸರಿಗೆ ಏನು ಗೊತ್ತುಂಟಕ್ಕ? ನಮ್ಮ ಕೊಪ್ಪರಿಗೆ ಎಲ್ಲಿ?" ಎಂದು ಹುಡುಕಿ, ಅದರ ತಳದಲ್ಲಿ ಸೌತೆಕಾಯಿಗಳನ್ನಿಟ್ಟು, "ಈಗ ನೋಡಿ" ಎಂದಳು. ನೋಡಿದೆ. ಕಣ್ಣು ಮಂಜಾಗಿ ಎರಡು ಸೌತೆಕಾಯಿ ನಾಲ್ಕಾಗಿ ಕಂಡವು.

ಅವಳು ಬಸ್ ಹತ್ತಿದ ಕೂಡಲೇ ಕೂಗಿದೆ: "ಧನ್ಯಾ, ಬೇಗ ಬಾ! ಇದರ ಫೋಟೋ ತೆಗೆದು ವೆಬ್‌ಸೈಟಿನ ಮೊದಲ ಪುಟದಲ್ಲೇ ದೊಡ್ಡದಾಗಿ ಹಾಕು."

"ಅಜ್ಜಿ! ಅದು ಬೇಡಿದ ಹಾಗಾಗುವುದಿಲ್ಲವಾ?"

"ನಾನೆಲ್ಲಿ ಬೇಡಿದೆ? ಜನ ನೋಡಲಿ ಅಂದೆ, ಅಷ್ಟೆ."